ಇಂಕರ್ಮನ್ ಬೀದಿಯ ನಡುಗೋಡೆ

೧೪, ಇಂಕರ್ಮನ್ ಬೀದಿ, ಥಾರ್ನ್‌ಡೆನ್
ಸೆಪ್ಟೆಂಬರ್ ೨೦, ೧೯೬೪

ಹೆಸ್ಟರ್,

ನನ್ನ ಅಕ್ಷರ ಗುರುತಿಸಿ ಲಕೋಟೆಯನ್ನು ಬೆಂಕಿಗೆ ಹಾಕಿಲ್ಲವಾದರೆ ಮುಂದೆ ಓದು. ನೀನು ಮನೆ ಮಾರಿ ತಂಗಿಯ ಹತ್ತಿರ ಸಮುದ್ರದ ಕಡೆಗೆ ಹೋಗಿ ವರ್ಷದ ಮೇಲಾಯಿತು. ಕ್ರಿಸ್‌ಮಸ್‌ಗೆ ಒಂದು ಕಾರ್ಡು ಕೂಡ ಹಾಕಲಿಲ್ಲ. ನಾನೂ ಹಾಕಲಿಲ್ಲ, ಅಲ್ಲಿಗಲ್ಲಿಗೆ ಸರಿಹೋಯಿತು. ಈಗ ಬರೆಯುತ್ತಿರುವುದು ಗೋಡೆಯ ವಿಚಾರಕ್ಕೆ, ಬೇರೆ ಏನಕ್ಕೂ ಅಲ್ಲ.

ನನ್ನ ಅಡುಗೆಮನೆಗೂ ನಿನ್ನ ಅಡುಗೆಮನೆಗೂ ನಡುವಿನ ಗೋಡೆ, ಅಗ್ಗಿಷ್ಟಿಕೆಗಳೆರಡು ಬೆನ್ನಿಗೆ ಬೆನ್ನು ಕೊಟ್ಟು ನಿಂತಿರುವ ಅದೇ ಗೋಡೆ, ನನ್ನ ಕಡೆ ಹಾಳಾಗುತ್ತಿದೆ. ಕೆಳಗಿನಿಂದ ತೇವ ಏರಿ ಉಪ್ಪು ಹೂಬಿಟ್ಟಿದೆ. ಮೇಲಿನಿಂದ ಹೊಗೆಗೂಡಿನೊಳಕ್ಕೆ ಮಳೆ ಇಳಿದು ಹಳದಿ ಕಲೆ ಬಿದ್ದಿದೆ. ಬೆರಳಲ್ಲಿ ಮುಟ್ಟಿದರೆ ಸಾಕು, ಗಾರೆ ಹಿಟ್ಟಾಗಿ ಉದುರುತ್ತದೆ. ನಮ್ಮಜ್ಜನ ಕಾಲದಲ್ಲಿ ಗಾರೆಗೆ ಕಲಸಿದ್ದ ಕುದುರೆಕೂದಲು ಹೊರಗೆ ಇಣುಕುತ್ತಿದೆ. ನಿನ್ನ ಗಂಡ ವಾಲ್ಟರ್ ಇದ್ದಾಗ ಅದಕ್ಕೆ ಏನೋ ಬಳಿಯುತ್ತಿದ್ದನಲ್ಲ, ಏನದು? ಬರೆದು ತಿಳಿಸು.

ನಿನ್ನ ಮನೆ ಕೊಂಡವರು ಚಿಕ್ಕ ವಯಸ್ಸಿನವರು. ಕೀತ್ ಬಸ್ಸು ಓಡಿಸುತ್ತಾನೆ, ಅವನ ಹೆಂಡತಿ ಬೆರಿಲ್ ಇನ್ನೂ ಹುಡುಗಿ, ಕೈಯಲ್ಲಿ ಮೂರು ತಿಂಗಳ ಹೆಣ್ಣುಮಗು ಗಿಲಿಯನ್. ಹುಡುಗಿ ಹೊಸ ಬಡಾವಣೆಯಲ್ಲಿ ಬೆಳೆದವಳು, ಸಾಲುಮನೆಯ ರೀತಿ ರಿವಾಜು ಒಂದೂ ಗೊತ್ತಿಲ್ಲ. ಹೊಸ್ತಿಲ ಮೆಟ್ಟಿಲನ್ನು ಕಲ್ಲಿನಿಂದ ಉಜ್ಜಿ ಬೆಳ್ಳಗೆ ಮಾಡುವುದನ್ನೂ ನಾನೇ ಕಲಿಸಬೇಕಾಯಿತು. ಬೆಂಕಿ ಕೆದಕುವ ಸಲಾಕೆಯ ವಿಷಯವನ್ನೂ ಹೇಳಿಕೊಟ್ಟೆ: ಅಗ್ಗಿಷ್ಟಿಕೆಯ ಹಿಂಬದಿಗೆ ಮೂರು ಸಲ ಬಡಿದರೆ ಟೀ ಆಗಿದೆ ಬಾ ಅಂತ, ನಿಲ್ಲಿಸದೆ ಬಡಿದರೆ ಓಡಿ ಬಾ ಅಂತ. ಅವಳು ನಕ್ಕಳು. "ಇದು ನಮ್ಮ ಟೆಲಿಫೋನ್ ಅನ್ನಿ ಆಂಟಿ" ಅಂದಳು.

ಕ್ಲಾರಿಸ್ ಪಿಲ್ಲಿಂಗ್

*

ಮೋರ್ಕಂಬ್
ಸೆಪ್ಟೆಂಬರ್ ೨೯, ೧೯೬೪

ಕ್ಲಾರಿಸ್,

ವಾಲ್ಟರ್ ಬಳಿಯುತ್ತಿದ್ದದ್ದು ಬರೀ ಸುಣ್ಣ. ಪ್ರತಿ ವಸಂತದಲ್ಲಿ ಉದುರಿದ್ದನ್ನು ಕೆರೆದು, ಸುಣ್ಣದ ಗಾರೆ ಮೆತ್ತಿ, ಒಣಗಲು ಬಿಟ್ಟು, ಮತ್ತೆ ಸುಣ್ಣ ಹೊಡೆಯುತ್ತಿದ್ದ. ದಿನಾ ಸಣ್ಣಗೆ ಬೆಂಕಿ ಇಡು, ಗೋಡೆ ತಾನೇ ಒಣಗುತ್ತದೆ. ಸಿಮೆಂಟು ಮುಟ್ಟಿಸಬೇಡ.

ಇಲ್ಲಿ ತಂಗಿಯ ವಸತಿಗೃಹದಲ್ಲಿ ಬೇಸಿಗೆಯ ಅತಿಥಿಗಳು ಹೊರಟುಹೋಗಿದ್ದಾರೆ. ಮೊಟ್ಟೆ ಕರಿಯುವ ಕೆಲಸ ಕಮ್ಮಿ.

ಹೆಸ್ಟರ್ ಕರ್ಶಾ

*

ಇಂಕರ್ಮನ್ ಬೀದಿ
ಅಕ್ಟೋಬರ್ ೧೧, ೧೯೬೪

ಹೆಸ್ಟರ್,

ನಿನ್ನ ಕಾಗದ ಓದಿದರೆ ತಂತಿ ಓದಿದ ಹಾಗಿರುತ್ತದೆ. ಇರಲಿ, ಉತ್ತರವಾದರೂ ಬಂತು.

ಸುಣ್ಣ, ಕೆರೆಯುವುದು, ಒಣಗಿಸುವುದು, ಇದೆಲ್ಲ ಗಂಡಸು ಇರುವ ಮನೆಗೆ. ನನ್ನ ಮೊಣಕಾಲುಗಳು ಏಣಿ ಹತ್ತುವ ವಯಸ್ಸು ದಾಟಿವೆ. ಮೇಲಾಗಿ ಪುರಸಭೆಯವರು ಇಡೀ ಬೀದಿಗೆ ಹೊಗೆ ಬರುವ ಕಲ್ಲಿದ್ದಲು ಉರಿಸಬಾರದು ಅಂತ ನೋಟೀಸು ಅಂಟಿಸಿದ್ದಾರೆ. ನಾನು ವಿದ್ಯುತ್ ಹೀಟರು ತಂದೆ. ಬೆರಿಲ್ ಮನೆಯಲ್ಲಿ ಅಗ್ಗಿಷ್ಟಿಕೆಯೊಳಗೆ ಕೋಕ್ ಇದ್ದಲು ಉರಿಸುವ ಒಂದು ಪುಟ್ಟ ಸ್ಟೌ ಕೂರಿಸಿದ್ದಾರೆ. ಹೊಗೆಯೇ ಇಲ್ಲ, ಬಲು ಚೊಕ್ಕ.

ಹಾಗಾಗಿ ನಾರ್ಮನ್ ಡಕ್ವರ್ತ್‌ನನ್ನು ಕರೆಸಿದೆ. ಗಾರೆ ಕೆಲಸ, ಮನೆಯ ಮಾಡಿನ ಕೆಲಸ ಎರಡೂ ಮಾಡುತ್ತಾನೆ. ಗೋಡೆ ತಟ್ಟಿ ನೋಡಿ, "ಅಮ್ಮಾ, ಉರಿಸದೇ ಇರೋ ಒಲೆ ಯಾಕ್ ಇಟ್ಕೊಂಡಿದೀರಾ? ಗೂಡು ತುಂಬ್ಸಿ, ಸಿಮೆಂಟ್ ಬಳ್ದು, ಮೇಲೆ ಹೊಗೆಗೂಡಿಗೆ ಒಂದ್ ಕಲ್ಲು ಮುಚ್ಚಿಬಿಡ್ತೀನಿ. ಮಳೆನೂ ಇಲ್ಲ, ಚಳಿನೂ ಇಲ್ಲ" ಅಂದ. ನನಗೆ ಸರಿಯೆನಿಸಿತು. ಸದ್ಯ, ಆ ಒಲೆಯ ಮುಂದೆ ಬಿದ್ದ ಮಸಿ ಗುಡಿಸುವ ಕೆಲಸವೂ ತಪ್ಪುತ್ತದೆ.

ಆದರೆ ಅವನಿಗೆ ದೊಡ್ಡ ಗಡ್ಡ. ಗಡ್ಡದೊಳಗೇ ಏನೋ ಗೊಣಗುತ್ತಾನೆ. ಮನುಷ್ಯ ಮಾತಾಡುವಾಗ ಬಾಯಿ ಕಾಣಬೇಡವೇ?

ಕ್ಲಾರಿಸ್

*

ಮೋರ್ಕಂಬ್
ಅಕ್ಟೋಬರ್ ೧೬, ೧೯೬೪

ಕ್ಲಾರಿಸ್,

ಬೇಡ ಅಂದದ್ದನ್ನೇ ಮಾಡುವುದು ನಿನ್ನ ಹುಟ್ಟುಗುಣ. ಸಿಮೆಂಟು ಬಳಿದರೆ ತೇವ ಒಳಗೇ ಕೂತು ಕೊಳೆಯುತ್ತದೆ. ಹೊಗೆಗೂಡಿಗೂ ಉಸಿರು ಬೇಕು.

ಇನ್ನೊಂದು ಮಾತು. ಅಗ್ಗಿಷ್ಟಿಕೆ ತುಂಬಿಸಿಬಿಟ್ಟರೆ ಆ ಹುಡುಗಿ ನಿನ್ನನ್ನು ಕರೆಯುವುದು ಹೇಗೆ? ಹಿಂದೆ ಇರುವುದು ಒಂದೇ ಇಟ್ಟಿಗೆ. ಮೂವತ್ತು ವರ್ಷ ನಾವಿಬ್ಬರೂ ಬಡಿದು ಬಡಿದು ಅದು ಹಲ್ಲಿನ ಹಾಗೆ ಅಲುಗಾಡುತ್ತಿತ್ತು. ಅದನ್ನು ನೋಡಿ ನಗುತ್ತಿದ್ದೆವು, ನೆನಪಿದೆಯೇ?

ನಗುತ್ತಿದ್ದ ಕಾಲ ಮುಗಿದದ್ದೂ ಅಲ್ಲೇ. ವಾಲ್ಟರ್ ಅಡುಗೆಮನೆಯಲ್ಲಿ ಕುಸಿದ ದಿನ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೇ ಕೈಯಲ್ಲಿ ಬಡಿದೆ. ನಿಲ್ಲಿಸದೆ ಬಡಿದೆ. ನೀನು ಮನೆಯಲ್ಲೇ ಇದ್ದೆ, ಸ್ವಲ್ಪ ಮುಂಚೆ ಹಿತ್ತಿಲಿನಿಂದ ನಿನ್ನ ಕಿಟಕಿಯ ಪರದೆ ಸರಿದದ್ದು ನನಗೆ ಕಂಡಿತ್ತು. ನೀನು ಬರಲಿಲ್ಲ. ಶವಸಂಸ್ಕಾರಕ್ಕೆ ಬಂದು ಹ್ಯಾಮು ಹೆಚ್ಚಿ ಕೊಟ್ಟೆ, ಯಾಕೆ ಬರಲಿಲ್ಲ ಅಂತ ಮಾತ್ರ ಹೇಳಲಿಲ್ಲ. ಕೇಳುವುದಕ್ಕೆ ನನಗೂ ಬಾಯಿ ಬರಲಿಲ್ಲ. ಇಷ್ಟು ಬರೆದದ್ದೇ ಹೆಚ್ಚಾಯಿತು.

ಹೆಸ್ಟರ್

*

ಇಂಕರ್ಮನ್ ಬೀದಿ
ನವೆಂಬರ್ ೮, ೧೯೬೪

ಹೆಸ್ಟರ್,

ಇದರ ಜೊತೆ ಶುಂಠಿ ಕೇಕು ಕಳಿಸಿದ್ದೇನೆ, ನಾನೇ ಬೇಯಿಸಿದ್ದು. ನವೆಂಬರ್ ಐದರ ಸುಡುಮದ್ದಿನ ಹಬ್ಬಕ್ಕೆ ಈ ಸಲ ಬೀದಿಯ ಹುಡುಗರು ನಿನ್ನ ಹಳೇ ಕುರ್ಚಿಯನ್ನೇ ಬೆಂಕಿಗೆ ಹಾಕಿದರು. ಚೆನ್ನಾಗಿ ಉರಿಯಿತು.

ಗೋಡೆ ಕೆಲಸ ಮುಗಿಯಿತು. ನಾರ್ಮನ್ ಕಿತ್ತ ಹಳೇ ಗಾರೆಯನ್ನೂ ಮುರುಕು ಇಟ್ಟಿಗೆಯನ್ನೂ ಗೂಡಿನೊಳಗೆ ತುಂಬಿ, ಮುಂದಕ್ಕೆ ಸಿಮೆಂಟು ಬಳಿದು, ಕನ್ನಡಿಯಷ್ಟು ನುಣ್ಣಗೆ ಮಾಡಿದ. ಮಾರನೆಯ ದಿನ ಮಾಡು ಹತ್ತಿದ. ಹೊಗೆಗೂಡಿನ ತಲೆಯ ಮೇಲೆ ಹೊಗೆ ಹೊರಹೋಗುವ ನಾಲ್ಕು ಮಣ್ಣಿನ ಕುಂಡಗಳಲ್ಲವೇ, ನಿನ್ನವು ಎರಡು, ನನ್ನವು ಎರಡು. ಅಲ್ಲಿಂದ ಕೈ ತೋರಿಸಿ ಏನೋ ಕೇಳಿದ. ನಾನು ಹಿತ್ತಿಲಿನಿಂದ ತಲೆಯಾಡಿಸಿದೆ. ಗಾಳಿಯಲ್ಲಿ ಗಂಟೆಗಟ್ಟಲೆ ನಿಂತು ಚರ್ಚೆ ಮಾಡುವುದಕ್ಕಾಗುತ್ತದೆಯೇ? ಅಂಚು ಒಡೆದ ಆ ಕುಂಡದ ಮೇಲೆ ಸ್ಲೇಟ್ ಕಲ್ಲಿಟ್ಟು ಸಿಮೆಂಟು ಮೆತ್ತಿ ಇಳಿದ. ಅಡುಗೆಮನೆ ಈಗ ಹೊಸ ಮನೆಯ ಹಾಗಿದೆ.

ಬೆರಿಲ್ ಕರೆಯಬೇಕೆಂದರೆ ಅವಳಿಗೆ ಎರಡು ಕಾಲಿವೆ. ಬಾಗಿಲಿಗೇ ಬರಲಿ.

ನೀನು ಬರೆದ ಇನ್ನೊಂದು ವಿಷಯ ಓದಿದೆ. ಆ ಬಗ್ಗೆ ಬರೆಯಲು ಮೂರು ಸಲ ಕೂತೆ, ಆಮೇಲೆ ಕೇಕು ಬೇಯಿಸಿದೆ.

ಕ್ಲಾರಿಸ್

*

ಮೋರ್ಕಂಬ್
ಡಿಸೆಂಬರ್ ೧೮, ೧೯೬೪

ಕ್ಲಾರಿಸ್,

ಕೇಕು ಮೆತ್ತಗಿತ್ತು. ತಂಗಿಗೂ ಇಷ್ಟವಾಯಿತು. ಈ ಸಲ ಕಾರ್ಡು ಹಾಕಿದ್ದೇನೆ, ಕಪಾಟಿನ ಮೇಲೆ ಇಡು. ಬಂದವರು ನೋಡಲಿ.

ನನಗೆ ಇಲ್ಲಿ ಎದೆಕಫ. ಮಲಗಿಯೇ ಇದ್ದೇನೆ. ಆ ಹುಡುಗಿ, ಮಗು ಹೇಗಿದ್ದಾರೆ? ನಿನ್ನ ಹಿಂದಿನ ಕಾಗದದಲ್ಲಿ ಅವರ ಸುದ್ದಿಯೇ ಇರಲಿಲ್ಲ.

ಹಬ್ಬದ ಶುಭಾಶಯ.

ಹೆಸ್ಟರ್

*

ಇಂಕರ್ಮನ್ ಬೀದಿ
ಜನವರಿ ೧೯, ೧೯೬೫

ಹೆಸ್ಟರ್,

ಕಫಕ್ಕೆ ಹುರಿದ ಈರುಳ್ಳಿಯನ್ನು ಬಟ್ಟೆಯಲ್ಲಿ ಕಟ್ಟಿ ಎದೆಗಿಡು. ವಾಸನೆ ಬಂದರೆ ಬರಲಿ, ಆ ವಯಸ್ಸಿನಲ್ಲಿ ನಿನ್ನನ್ನು ಯಾರು ಮೂಸುತ್ತಾರೆ?

ಬೆರಿಲ್ ಬಗ್ಗೆ ಏನು ಬರೆಯಲಿ? ಹುಡುಗಿ ಬದಲಾಗಿದ್ದಾಳೆ. ಮೊದಲು ವಾರಕ್ಕೆ ಎರಡು ಸಲವಾದರೂ ಟೀಗೆ ಕರೆಯುತ್ತಿದ್ದಳು. ಗೋಡೆ ಕೆಲಸ ಆದಮೇಲೆ ಒಂದು ಸಲವೂ ಇಲ್ಲ. ಹೊಸ್ತಿಲ ಮೆಟ್ಟಿಲು ಉಜ್ಜಿ ಎಷ್ಟು ದಿನವಾಯಿತೋ, ಕರಿ ಹಿಡಿದು ಕೂತಿದೆ. ನಾಲ್ಕು ಜನ ನೋಡುವ ಬೀದಿ ಇದು. ಕಳೆದ ವಾರ ಹಾಲಿನ ಬಾಟಲಿ ತೆಗೆದುಕೊಳ್ಳುವಾಗ ಸಿಕ್ಕಿದಳು. ಮುಖದ ಮೇಲೆ ಕೆಂಪು, ಕಣ್ಣಿನ ಸುತ್ತ ಕಪ್ಪು.

"ತಲೆ ಸಿಡೀತದೆ ಆಂಟಿ. ವಾಂತಿ ಬಂದಂಗೆ ಆಗ್ತದೆ. ಪೇಟೆಗೆ ಹೋದ್ರೆ ಸರಿ ಇರ್ತೀನಿ, ಮನೆಗ್ ಬಂದ್ರೆ ಮತ್ತೆ ಶುರು."

"ಮನೆಗೆಲ್ಸ ಅಂದ್ರೆ ಎಲ್ರಿಗೂ ತಲೆನೋವೇ ಮಗಾ" ಅಂದೆ.

ಅವಳು ನಗಲಿಲ್ಲ. "ನಾನ್ ಕರೆದ್ರೂ ಬರಲ್ವಲ್ಲ ನೀವು. ನನ್ ಮೇಲೆ ಬೇಜಾರಾ?" ಅಂದಳು. ಯಾವಾಗ ಕರೆದಳೋ ದೇವರಿಗೇ ಗೊತ್ತು. ಅಷ್ಟರಲ್ಲಿ ಒಳಗೆ ಹೋಗಿಬಿಟ್ಟಳು. ಡಾಕ್ಟರು ನರದೌರ್ಬಲ್ಯ ಅಂದನಂತೆ. ಅವರ ಪಂಜರದ ಗಿಳಿಯೂ ಸತ್ತಿತು, ಒಂದು ಬೆಳಿಗ್ಗೆ ತಳದಲ್ಲಿ ಬಿದ್ದಿತ್ತಂತೆ. ಸ್ಟೌ ಸರಿಯಾಗಿ ಗಾಳಿ ಎಳೆಯುತ್ತಿಲ್ಲ ಅಂತ ಕೀತ್ ಬಸ್ ನಿಲ್ದಾಣದಲ್ಲಿ ಯಾರಿಗೋ ಹೇಳುತ್ತಿದ್ದ. ಒಂದು ಒಳ್ಳೆಯ ಗುಣ ಮಾತ್ರ ಇದೆ: ಮಗುವನ್ನು ಹೊದೆಸಿ ತಳ್ಳುಗಾಡಿಯಲ್ಲಿ ಹಿತ್ತಿಲಲ್ಲಿ ಮಲಗಿಸುತ್ತಾಳೆ, ಎಷ್ಟೇ ಚಳಿಯಿರಲಿ. ಮಗುವಿಗೆ ಗಾಳಿ ಬೇಕು ಅಂತ ನಾನೇ ಹೇಳಿದ್ದು.

ಈಗ ನೀನು ಕಾಯುತ್ತಿರುವ ಸುದ್ದಿ. ಹೌದು, ಹೊಸ ಗಾರೆ ಉದುರುತ್ತಿದೆ. ಹೊಟ್ಟೆ ತಣ್ಣಗಾಯಿತೇ? ಆದರೆ ವಿಚಿತ್ರವೇನೆಂದರೆ ಕೆಳಗಿನಿಂದಲ್ಲ, ಅಂಚಿನಿಂದಲೂ ಅಲ್ಲ. ನಡುವೆ, ಸೊಂಟಕ್ಕಿಂತ ತುಸು ಕೆಳಗೆ, ತಟ್ಟೆಯಗಲ ಒಂದೇ ಕಡೆ. ಉಳಿದೆಡೆ ಕೈಯಾಡಿಸಿದರೆ ಗಟ್ಟಿ. ಇದ್ದಕ್ಕಿದ್ದಂತೆ ಸ್ವಲ್ಪ ಪುಡಿ ರಗ್ಗಿನ ಮೇಲೆ ಬೀಳುತ್ತದೆ, ಆಮೇಲೆ ದಿನವಿಡೀ ಸುಮ್ಮನಿರುತ್ತದೆ. ಹೆಚ್ಚಾಗಿ ಮಧ್ಯಾಹ್ನ ಟೀ ಹೊತ್ತಿಗೆ. ಎಂಥ ತೇವವೇ ಇದು, ಹೊತ್ತು ನೋಡಿ ಬರುವ ತೇವ? ನಾರ್ಮನ್‌ನನ್ನು ಹಿಡಿದು ಕೇಳಬೇಕು.

ಕ್ಲಾರಿಸ್

*

ತಂತಿ
ಮೋರ್ಕಂಬ್, ಜನವರಿ ೨೧, ೧೯೬೫, ಬೆಳಿಗ್ಗೆ

ಪಿಲ್ಲಿಂಗ್, ೧೪ ಇಂಕರ್ಮನ್ ಬೀದಿ. ಅದು ತೇವವಲ್ಲ. ಬೆರಿಲ್ ಬಡಿಯುತ್ತಿದ್ದಾಳೆ. ಮುಚ್ಚಿದ್ದು ಅವಳ ಕುಂಡ. ಈ ಕ್ಷಣ ಹೋಗಿ ಅವಳನ್ನು ಹೊರಗೆ ತಾ. ಹೆಸ್ಟರ್.

*

ಮೋರ್ಕಂಬ್
ಜನವರಿ ೨೧, ೧೯೬೫

ಕ್ಲಾರಿಸ್,

ತಂತಿ ತಲುಪಿರಬೇಕು. ತಂಗಿಯನ್ನು ನಿಮ್ಮೂರ ಪೊಲೀಸ್ ಠಾಣೆಗೆ ಫೋನು ಮಾಡಲು ಬೀದಿಯ ಫೋನು ಪೆಟ್ಟಿಗೆಯ ಹತ್ತಿರ ಓಡಿಸಿದ್ದೇನೆ. ಅವಳು ಬರುವವರೆಗೆ ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ.

ಅಂಚು ಒಡೆದ ಕುಂಡ ನನ್ನದು, ಅಂದರೆ ಈಗ ಬೆರಿಲ್‌ಳದು. ಬಿರುಗಾಳಿಯ ವರ್ಷ ಒಡೆದದ್ದು. ಬದಲಾಯಿಸಲು ವಾಲ್ಟರ್ ಸಾಯುವವರೆಗೂ ಸೋಮಾರಿತನ ಮಾಡಿದ. ನವೆಂಬರ್‌ನ ಕಾಗದದಲ್ಲಿ ನೀನು ಅದನ್ನು ಬರೆದಿದ್ದೆ. ನಾನು ಕೇಕಿನ ಗಮನದಲ್ಲಿ ಓದಿ ಮಡಚಿಟ್ಟೆ. ನಿನ್ನೆ ಸಂಜೆ ನಿನ್ನ ಕಾಗದ ಬಂದಾಗ ಜ್ವರದಲ್ಲಿ ಮಲಗಿದ್ದೆ, ಇವತ್ತು ಬೆಳಿಗ್ಗೆ ಒಡೆದೆ. ಕುಂಡ ಮುಚ್ಚಿದರೆ ಕೋಕಿನ ವಿಷಗಾಳಿ ಮನೆಯೊಳಗೇ ತುಂಬುತ್ತದೆ, ಅದು ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ಬಡಿಯುವುದಿಲ್ಲ. ತಲೆನೋವು, ಮುಖದ ಕೆಂಪು, ಸತ್ತ ಗಿಳಿ, ಎಳೆಯದ ಸ್ಟೌ, ಎಲ್ಲವನ್ನೂ ನೀನೇ ಬರೆದು ಕಳಿಸಿದ್ದೀಯ.

ಗಾರೆಯನ್ನೂ. ಸೊಂಟಕ್ಕಿಂತ ತುಸು ಕೆಳಗೆ, ತಟ್ಟೆಯಗಲ. ಅದು ಆ ಸಡಿಲ ಇಟ್ಟಿಗೆಯ ಜಾಗ, ಅಲ್ಲಿಗೆ ಎಷ್ಟು ಸಲ ಸಲಾಕೆ ಇಟ್ಟಿದ್ದೇನೆ ನಾನು. ಟೀ ಹೊತ್ತಿಗೆ ಮೂರು ಬಡಿತ. ಆ ಹುಡುಗಿ ಸ್ಟೌ ಪಕ್ಕದ ಸಂದಿಯಲ್ಲಿ ಸಲಾಕೆ ತೂರಿಸಿ ನಿನ್ನನ್ನು ಟೀಗೆ ಕರೆಯುತ್ತಿದ್ದಳು ಕ್ಲಾರಿಸ್, ವಾರಗಟ್ಟಲೆ. ನೀನು ಪುಡಿ ಗುಡಿಸುತ್ತಿದ್ದೆ.

ನಿನಗೆ ಕಿವಿ ಕೇಳುವುದಿಲ್ಲ. ಎಷ್ಟು ವರ್ಷವಾಯಿತು? ಗಿರಣಿಯಲ್ಲಿ ಮಗ್ಗದ ಗಲಾಟೆಗೆ ನಾವೆಲ್ಲ ತುಟಿ ನೋಡಿಯೇ ಮಾತಾಡಿದವರು, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ. ನಾನು ಬಡಿದರೆ ನಿನ್ನ ಒಲೆಯಲ್ಲಿ ಮಸಿ ಉದುರುತ್ತಿತ್ತು, ಅದನ್ನು ನೋಡಿ ನೀನು ಬರುತ್ತಿದ್ದೆ. ವಾಲ್ಟರ್ ಬಿದ್ದದ್ದು ಜುಲೈನಲ್ಲಿ. ಬೇಸಿಗೆ ಅಂತ ನೀನು ನಿನ್ನ ಅಗ್ಗಿಷ್ಟಿಕೆಗೆ ಕಾಗದದ ಬೀಸಣಿಗೆ ಮಡಚಿ ಮುಚ್ಚಿದ್ದೆ. ಮಸಿ ಅದರ ಹಿಂದೆ ಬಿದ್ದಿತು. ಹೌದೋ ಅಲ್ಲವೋ?

ಅದೆಲ್ಲ ಆಮೇಲೆ. ಅವಳು ಬದುಕಿದ್ದಾಳೆ ಅಂತ ಒಂದು ಸಾಲು ಬರೆ.

ಹೆಸ್ಟರ್

*

ಇಂಕರ್ಮನ್ ಬೀದಿ
ಫೆಬ್ರವರಿ ೨, ೧೯೬೫

ಹೆಸ್ಟರ್,

ಆ ಒಂದು ಸಾಲು ಬರೆಯಲಾಗುವುದಿಲ್ಲ. ನಿನ್ನೆ ಚಾಪೆಲ್ಲಿನಲ್ಲಿ ಬೆರಿಲ್ ಶವಸಂಸ್ಕಾರವಾಯಿತು. ವಿಚಾರಣೆ ಅದೂ ಇದೂ ಅಂತ ಇಷ್ಟು ದಿನ ಇಟ್ಟುಕೊಂಡಿದ್ದರು.

ಆ ಗುರುವಾರ ಬೆಳಿಗ್ಗೆ ತಿಂಡಿ ಪಾತ್ರೆ ತೊಳೆದು ತಿರುಗಿದರೆ ಗೋಡೆಯಿಂದ ಅಂಗೈಯಗಲದ ಹೆಂಟೆ ರಗ್ಗಿನ ಮೇಲೆ ಬಿದ್ದಿತ್ತು. ಗುಡಿಸಿದೆ. ಗುಡಿಸುತ್ತಿರುವಾಗಲೇ ಇನ್ನಷ್ಟು ಬಿತ್ತು. ನಾರ್ಮನ್‌ಗೆ ಬಯ್ಯುತ್ತ ಮತ್ತೆ ಗುಡಿಸಿದೆ. ಹಾಗೇ ಬೀಳುತ್ತಲೇ ಇತ್ತು, ನಾನು ಮೊರ ಹಿಡಿದು ನಿಂತೇ ಇದ್ದೆ. ಆಮೇಲೆ ನಿಂತಿತು. ಸದ್ಯ, ನಿಂತಿತಲ್ಲ ಅಂತ ಕುರ್ಚಿಯಲ್ಲಿ ಕೂತು ಟೀ ಕುಡಿದೆ. ಹೆಸ್ಟರ್, ನಾನು ಟೀ ಕುಡಿದೆ.

ನಾರ್ಮನ್‌ನನ್ನು ಹಿಡಿಯೋಣ ಅಂತ ಕೋಟು ಹಾಕಿಕೊಂಡು ಮುಂಬಾಗಿಲಿಗೆ ಹೋದಾಗ ನಿನ್ನ ತಂತಿ ಚಾಪೆಯ ಮೇಲಿತ್ತು. ತಂದವನು ಬಾಗಿಲು ಬಡಿದಿರುತ್ತಾನೆ. ಬಡಿದರೆ ನನಗೇನು ಗೊತ್ತಾಗುತ್ತದೆ? ಅದು ಎಷ್ಟು ಹೊತ್ತಿನಿಂದ ಅಲ್ಲಿತ್ತೋ.

ನಾನು ಓಡಿದಾಗ ಪೊಲೀಸಿನವನೂ ಅದೇ ಹೊತ್ತಿಗೆ ಸೈಕಲ್ಲಿನಿಂದ ಇಳಿಯುತ್ತಿದ್ದ. ಬಾಗಿಲು ಒಡೆದ. ಅವಳು ಅಗ್ಗಿಷ್ಟಿಕೆಯ ಮುಂದೆ ಮಗ್ಗುಲಾಗಿ ಬಿದ್ದಿದ್ದಳು, ಸಲಾಕೆ ಕೈಯಲ್ಲೇ ಇತ್ತು. ಹಿತ್ತಿಲಿಗೆ ಎಳೆದು ತಂದೆವು. ಮೈ ಇನ್ನೂ ಬೆಚ್ಚಗಿತ್ತು. ಗಿಲಿಯನ್ ಅಲ್ಲೇ ತಳ್ಳುಗಾಡಿಯಲ್ಲಿ ಟೋಪಿ ಹಾಕಿಕೊಂಡು ನಿದ್ದೆ ಮಾಡುತ್ತಿತ್ತು. ಮಗುವಿಗೆ ಏನೂ ಆಗಿಲ್ಲ. ಕೀತ್ ಅದನ್ನು ತನ್ನ ತಾಯಿಯ ಮನೆಗೆ ಕರೆದುಕೊಂಡು ಹೋದ.

ಪರೀಕ್ಷೆಗೆ ಬಂದ ಪುರಸಭೆಯವನು ನನ್ನೆದುರು ಬಂದು, ನಿಧಾನವಾಗಿ ಬಾಯಿ ತೆರೆದು ಹೇಳಿದ: "ಆ ಇಟ್ಟಿಗೆ ಸಡಿಲ ಇದೆ ಅಮ್ಮ. ನಿಮ್ ಕಡೆ ಸಿಮೆಂಟ್ ಇಲ್ದೇ ಇದ್ದಿದ್ರೆ ವಿಷ ಇಲ್ಲಿಗೂ ಬರ್ತಿತ್ತು. ಗಾರೆ ನಿಮ್ಮನ್ನ ಉಳಿಸ್ತು." ಅವನಿಗೆ ಬಿಸ್ಕತ್ತು ಕೊಟ್ಟೆ.

ನಾರ್ಮನ್ ವಿಚಾರಣೆಯಲ್ಲಿ, "ಯಾವ್ದು ಅಂತ ಕೇಳ್ದೆ, ಅಮ್ಮ ತಲೆ ಆಡ್ಸಿದ್ರು" ಅಂದ. ಅದು ನಿಜ.

ಹೌದು, ಜುಲೈನಲ್ಲಿ ಬೀಸಣಿಗೆ ಇತ್ತು. ಸೆಪ್ಟೆಂಬರಿನಲ್ಲಿ ಅದನ್ನು ತೆಗೆದಾಗ ಹಿಂದೆ ರಾಶಿ ಮಸಿ ಬಿದ್ದಿತ್ತು. ಅಷ್ಟು ಹೊತ್ತಿಗೆ ನೀನು ಊರು ಬಿಟ್ಟಿದ್ದೆ.

ಕ್ಲಾರಿಸ್

*

ಮೋರ್ಕಂಬ್
ಫೆಬ್ರವರಿ ೯, ೧೯೬೫

ಕ್ಲಾರಿಸ್,

ನಿನ್ನನ್ನು ಬಯ್ಯಲು ಕೂತೆ. ಅರ್ಧ ಹಾಳೆ ಬಯ್ದು ಹರಿದು ಹಾಕಿದೆ.

ಕಿವುಡಿಯಾಗಿದ್ದೇನೆ ಅನ್ನುವ ಒಂದು ಮಾತು ನಿನ್ನ ಬಾಯಿಂದ ಬರಲಿಲ್ಲ. ಯಾಕೆ ಬರಲಿಲ್ಲ ಅನ್ನುವ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. ಇಬ್ಬರೂ ಮೂಗು ಮೇಲೆತ್ತಿಕೊಂಡು ಓಡಾಡಿದೆವು. ನಮ್ಮ ಜಂಬಕ್ಕೆ ಆ ಮಗು ತಾಯಿಯನ್ನು ಕಳೆದುಕೊಂಡಿತು. ಇದನ್ನು ಬೇರೆ ಥರ ಹೇಳಲು ನನಗೆ ಬರುವುದಿಲ್ಲ.

ಕಫ ಕಡಿಮೆಯಾಗಿದೆ. ಈಸ್ಟರ್‌ಗೆ ಮುಂಚೆ ಬರಲೇ? ಬೇಡವಾದರೆ ಬೇಡ ಅನ್ನು.

ಹೆಸ್ಟರ್

*

ಇಂಕರ್ಮನ್ ಬೀದಿ
ಮಾರ್ಚ್ ೧೪, ೧೯೬೫

ಹೆಸ್ಟರ್,

ಬಾ. ಮುಂದಿನ ಕೋಣೆಯಲ್ಲಿ ಹಾಸಿಗೆ ಹಾಕುತ್ತೇನೆ. ಹಿಂದಿನ ಬಾಗಿಲಿಂದ ನೇರ ಒಳಗೆ ನಡೆದು ಬಾ, ಬಡಿಯುತ್ತ ನಿಲ್ಲಬೇಡ. ಬಂದು ನನ್ನೆದುರು ನಿಲ್ಲು.

ಪಕ್ಕದ ಮನೆ ಖಾಲಿ ಬಿದ್ದಿದೆ. ಕೀತ್ ಬೀಗದ ಕೈ ಏಜೆಂಟನಿಗೆ ಕೊಟ್ಟು ಹೋದ. ಸ್ಟೌ ಕಿತ್ತುಕೊಂಡು ಹೋಗಿದ್ದಾರೆ. ಮೆಟ್ಟಿಲನ್ನು ಮಾತ್ರ ನಾನು ಶುಕ್ರವಾರ ಶುಕ್ರವಾರ ಉಜ್ಜುತ್ತೇನೆ. ನಾರ್ಮನ್ ದುಡ್ಡಿಲ್ಲದೆ ಗೋಡೆ ಸರಿಮಾಡಿ ಕೊಡುತ್ತೇನೆ ಅಂತ ಬಂದಿದ್ದ. ಬೇಡ ಅಂದೆ. ಆ ತಟ್ಟೆಯಗಲದ ಗುರುತು ಹಾಗೇ ಇದೆ.

ಈಗ ಅದರ ಸುತ್ತಲೂ ತೇವ ಏರುತ್ತಿದೆ, ನೀನು ಹೇಳಿದ ಹಾಗೇ. ಕೆಳಗೆ ಸಿಮೆಂಟು ಉಬ್ಬಿ ಬಿರುಕು ಬಿಟ್ಟಿದೆ, ಉಪ್ಪು ಹೊಮ್ಮಿದೆ. ನಿನ್ನೆ ಮಧ್ಯಾಹ್ನ ಟೀ ಹೊತ್ತಿಗೆ ನೋಡಿದರೆ ರಗ್ಗಿನ ಮೇಲೆ ಗಾರೆಯ ಪುಡಿ ಬಿದ್ದಿತ್ತು. ಅದು ತೇವದ್ದೇ, ನನಗೆ ಗೊತ್ತು. ಆಚೆ ಕಡೆ ಬಡಿಯುವವರು ಯಾರೂ ಇಲ್ಲ.

ಆದರೂ ಪೊರಕೆ ಮುಟ್ಟಲಿಲ್ಲ. ಕೋಟು ಹಾಕಿಕೊಂಡು ಹೋಗಿ, ನಿನ್ನ ಹಳೇ ಮನೆಯ ಬಾಗಿಲು ತಟ್ಟಿ, ಸ್ವಲ್ಪ ಹೊತ್ತು ನಿಂತು ಬಂದೆ.

ನಿನ್ನ
ಕ್ಲಾರಿಸ್